ಟೋಕನ್ ಕೊಡುತ್ತಿದ್ದವಳು

"ಒಂದು ಆಸ್ಪತ್ರೆ. ಹೊರರೋಗಿಗಳು ಮೂರು ಮೂರು ಗಂಟೆ ಕಾಯ್ತಾರೆ. ಯಾಕೆ ಅಂತ ನೀವು ಕಂಡುಹಿಡೀಬೇಕು. ಇಪ್ಪತ್ತು ನಿಮಿಷ ಟೈಮಿದೆ." ಸಲಹೆಗಾರ್ತಿ ಬಿಳಿ ಹಾಳೆಯನ್ನೂ ಪೆನ್ನನ್ನೂ ಮೇಜಿನಾಚೆಗೆ ಸರಿಸಿದಳು. ಕೆಲಸ ಕೇಳಿಕೊಂಡು ಬಂದಿದ್ದ ಹೆಂಗಸು ಅವೆರಡನ್ನೂ ಮುಟ್ಟಲಿಲ್ಲ.

"ಅಲ್ಲಿ ರಕ್ತಪರೀಕ್ಷೆ ಇದೆಯಾ ಮೇಡಂ?"

"ಇದೆ."

"ಹಾಗಾದ್ರೆ ಅವರು ಕಾಯೋದು ಡಾಕ್ಟ್ರಿಗಲ್ಲ, ರಿಪೋರ್ಟಿಗೆ. ಖಾಲಿ ಹೊಟ್ಟೇಲಿ ರಕ್ತ ಕೊಡಬೇಕಲ್ಲ, ಬೆಳಿಗ್ಗೆ ಏಳಕ್ಕೇ ಬಂದುಬಿಡ್ತಾರೆ. ಬಂದೋರು ಡಾಕ್ಟ್ರ ಟೋಕನ್ನೂ ಆಗಲೇ ತಗೋತಾರೆ. ಒಂಬತ್ತಕ್ಕೆ ಡಾಕ್ಟ್ರು ಬಂದು ಕರೆದ್ರೆ ಒಬ್ಬರ ಕೈಲೂ ರಿಪೋರ್ಟ್ ಇರಲ್ಲ. ಹನ್ನೊಂದಕ್ಕೆ ಅದು ಬರುತ್ತೆ, ಎಲ್ರೂ ಒಟ್ಟಿಗೆ ಬಾಗಿಲಿಗೆ ಮುಗಿಬೀಳ್ತಾರೆ. ರಕ್ತ ಕೊಟ್ಟೋರಿಗೆ ಹನ್ನೊಂದರ ಮೇಲಿನ ಟೋಕನ್ ಕೊಡಿ. ಮಿಕ್ಕೋರನ್ನ ಒಂಬತ್ತಕ್ಕೆ ಬಿಡಿ. ಅಷ್ಟೇ."

ಎರಡು ನಿಮಿಷವೂ ಆಗಿರಲಿಲ್ಲ. ಉಳಿದ ಹದಿನೆಂಟು ನಿಮಿಷ ಏನು ಕೇಳಬೇಕೆಂದು ಸಲಹೆಗಾರ್ತಿಗೆ ತೋಚಲಿಲ್ಲ. ಆ ಪ್ರಶ್ನೆ ಕಟ್ಟುಕತೆಯದಲ್ಲ. ಆರು ವರ್ಷದ ಹಿಂದೆ ಬಿಸಿನೆಸ್ ಡಿಗ್ರಿ ಮುಗಿಸಿ, ಕಂಪನಿಗಳಿಗೆ ಸಲಹೆ ಕೊಡುವ ಈ ಸಂಸ್ಥೆಗೆ ಸೇರಿದಾಗ ಅವಳಿಗೆ ಸಿಕ್ಕಿದ ಮೊದಲ ಕೆಲಸವೇ ಅದು. ನಾಲ್ವರು ಮೂರು ತಿಂಗಳು ಆ ಆಸ್ಪತ್ರೆಯಲ್ಲಿ ಕೂತೆದ್ದು ಕೊನೆಗೆ ಮುಟ್ಟಿದ್ದು ಇದೇ ಉತ್ತರವನ್ನು. "ನಿಮಗೆ ಹೇಗೆ ಗೊತ್ತಾಯ್ತು?" ಎಂದಳು, ಕಳ್ಳತನ ಹಿಡಿದವಳ ದನಿಯಲ್ಲಿ. ಹೆಂಗಸು ನಕ್ಕಳು. "ನಮ್ಮ ಊರಿನ ಆಸ್ಪತ್ರೇಲಿ ಒಂಬತ್ತು ವರ್ಷ ಟೋಕನ್ ಕೊಟ್ಟಿದ್ದೀನಲ್ಲ ಮೇಡಂ."

ಅವಳನ್ನು ಹೊರಗೆ ಕೂರಿಸಿ ಸಲಹೆಗಾರ್ತಿ ಮುಖ್ಯಸ್ಥರ ಕೋಣೆಗೆ ಹೋದಳು. ಈ ವರ್ಷ ಮೊದಲ ಸಲ, ಡಿಗ್ರಿ ಇಲ್ಲದಿದ್ದರೂ ಅನುಭವವಿದ್ದರೆ ಸಾಕು ಎಂದು ಜಾಹೀರಾತು ಕೊಟ್ಟಿದ್ದು ಅವರೇ. ಈಗ ಅವರ ಮುಂದಿದ್ದುದು, ಬೆಳಿಗ್ಗೆ ಬಂದು ಇದೇ ಪ್ರಶ್ನೆಗೆ ಉತ್ತರ ಬರೆದುಹೋಗಿದ್ದ ಕನ್ನಡಕದವನ ಹಾಳೆ. ಅವನು ಸಲಹೆಗಾರ್ತಿ ಓದಿದ ಕಾಲೇಜಿನಲ್ಲೇ, ಅದೇ ಡಿಗ್ರಿ ಓದಿದವನು. ಹಾಳೆಯ ತುಂಬ ಒಂದೊಂದು ಕಾರಣವನ್ನೂ ಬಿಡಿಸಿ ತೋರಿಸುವ ಅಚ್ಚುಕಟ್ಟಾದ ಕವಲುಗಳು. ಒಂದು ಕವಲು ರಕ್ತಪರೀಕ್ಷೆಯ ತನಕ ಹೋಗಿ, 'ಇಲ್ಲಿ ಇನ್ನಷ್ಟು ಮಾಹಿತಿ ಬೇಕು' ಎಂಬಲ್ಲಿ ನಿಂತಿತ್ತು.

ನಡೆದದ್ದನ್ನೆಲ್ಲ ಕೇಳಿಸಿಕೊಂಡು ಮುಖ್ಯಸ್ಥರು ಹೇಳಿದರು, "ಹೆಂಗಸಿಗೆ ಉತ್ತರ ಗೊತ್ತಿತ್ತು, ಒಪ್ಕೋತೀನಿ. ಇವನಿಗೆ ಉತ್ತರ ಹುಡುಕೋ ದಾರಿ ಗೊತ್ತು. ನಾಳೆ ಸಿಮೆಂಟ್ ಕಾರ್ಖಾನೆಗೆ ಕಳಿಸಿದ್ರೆ ಅವಳು ಯಾರಿಗೆ ಟೋಕನ್ ಕೊಡ್ತಾಳೆ? ಅಲ್ಲದೆ ಇವನು ನಿನ್ನ ಕಾಲೇಜಿನವನು ಕಣಮ್ಮ."

"ಅದಕ್ಕೇ ಸರ್ ಕಷ್ಟ ಆಗ್ತಿರೋದು."

ಮುಖ್ಯಸ್ಥರ ಮಾತು ಸರಿಯೆನಿಸಿತು. ಹೊರಗೆ ಕೂತವಳು ಹೇಳಿದ್ದೂ ಸರಿಯೆನಿಸಿತು. ಹಾಗಾದರೆ ಡಿಗ್ರಿಯ ಆ ಎರಡು ವರ್ಷ ತಾನು ಕಲಿತದ್ದು ಏನು? ನೆನಪಿಸಿಕೊಳ್ಳಹೋದರೆ ಪಾಠಕ್ಕಿಂತ ಮೊದಲು ಅಪ್ಪನ ಮುಖವೇ ಕಣ್ಣಮುಂದೆ ಬಂತು. ಆ ಓದಿಗಾಗಿ ಅಪ್ಪ ದರ್ಜಿ ಅಂಗಡಿಯಲ್ಲಿದ್ದ ತಮ್ಮ ಪಾಲನ್ನು ಜೊತೆಗಾರನಿಗೆ ಮಾರಿದ್ದರು. ಅವಳಿಗೆ ಕೆಲಸವಾದ ಮೇಲೆ ಮರಳಿ ಕೊಂಡುಕೊಳ್ಳುತ್ತೇವೆಂದರೆ ಜೊತೆಗಾರ ಒಪ್ಪಲಿಲ್ಲ. ಮಗಳು ಹಾಯಾಗಿರಿ ಎಂದರೂ ಮನೆಯಲ್ಲಿ ಕೂರಲಾರದೆ ಅಪ್ಪ ಈಗಲೂ ಅದೇ ಅಂಗಡಿಗೆ ಹೋಗಿ, ಸಂಬಳಕ್ಕೆ ಬಟ್ಟೆ ಕತ್ತರಿಸುತ್ತಾರೆ. ಆ ಡಿಗ್ರಿ ಬೇಕಿರಲಿಲ್ಲ ಎಂದು ಇಲ್ಲಿ ಬಾಯಿಬಿಟ್ಟು ಹೇಳಿದರೆ ಅಪ್ಪನಿಗೆ ಏನು ಹೇಳಿದಂತಾಗುತ್ತದೆ?

"ಇರೋದು ಒಂದೇ ಜಾಗ. ಯಾರನ್ನ ತಗೊಳ್ಳೋಣ?"

"ಆಕೇನ ಸರ್. ಡಿಗ್ರಿ ಕಲಿಸೋದನ್ನ ನಾವು ಇಲ್ಲೇ ಕಲಿಸಬಹುದು. ಆಕೆಗೆ ಗೊತ್ತಿರೋದನ್ನ ಯಾವ ಕಾಲೇಜೂ ಕಲಿಸಲ್ಲ."

"ಖಂಡಿತಾನಾ?"

"ಗೊತ್ತಿಲ್ಲ ಸರ್. ಆದ್ರೂ ಆಕೇನೇ."

ಅವರು ಹಾಳೆಯನ್ನು ಮಡಚಿಟ್ಟು, "ಆಯ್ತು, ಜವಾಬ್ದಾರಿ ನಿಂದು" ಎಂದರು. ಗೆದ್ದೆನೋ ಸೋತೆನೋ ತಿಳಿಯದೆ ಸಲಹೆಗಾರ್ತಿ ಹೊರಬಂದಳು. ಹೆಂಗಸು ಲಿಫ್ಟಿನ ಪಕ್ಕದ ಬೆಂಚಿನ ತುದಿಯಲ್ಲಿ, ಬೇರೆಯವರ ಜಾಗದಲ್ಲಿ ಕೂತವಳಂತೆ ಕೂತಿದ್ದಳು. ಬರುವ ತಿಂಗಳ ಒಂದನೇ ತಾರೀಖಿನಿಂದ ಕೆಲಸಕ್ಕೆ ಬರಬೇಕೆಂದು ತಿಳಿಸಿದಾಗ ಎದ್ದು ನಿಂತು, ಸಲಹೆಗಾರ್ತಿಯ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ಮೇಡಂ, ನೀವು ಓದಿದ್ದೀರಲ್ಲ ಆ ಡಿಗ್ರಿ, ಅದಕ್ಕೆ ಮೂವತ್ತಾರು ವರ್ಷ ಆದೋರನ್ನೂ ಸೇರಿಸ್ಕೋತಾರಾ?"

"ಯಾಕ್ರೀ? ನಿಮಗೆ ಅದು ಬೇಡವೇ ಬೇಡ ಅಂತ ಈಗಷ್ಟೇ ಒಳಗೆ ವಾದ ಮಾಡಿ ಬಂದೆ!"

"ಹಾಗಲ್ಲ ಮೇಡಂ. ಈ ಟೋಕನ್ ವಿಷಯ ನಮ್ಮ ಸೂಪರಿಂಟೆಂಡೆಂಟಿಗೆ ಐದು ವರ್ಷ ಹೇಳಿದೆ. ಬರೆದೂ ಕೊಟ್ಟೆ. ನಿನ್ನ ಕೆಲಸ ನೀನು ನೋಡ್ಕೋ ಅಂದ್ರು. ಹೋದ ವರ್ಷ ಬೇರೆ ಯಾವುದೋ ಸಂಸ್ಥೆಯಿಂದ ನಿಮ್ಮಂಥವರು ಮೂವರು ಬಂದ್ರು. ಕೊನೇ ದಿನ ನಮ್ಮನ್ನೆಲ್ಲ ಕೂರಿಸಿ ಪರದೆ ಮೇಲೆ ಅದನ್ನೇ ತೋರಿಸಿದ್ರು. ಸೋಮವಾರದಿಂದ ಜಾರಿಗೆ ಬಂತು. ಸೂಪರಿಂಟೆಂಡೆಂಟ್ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು."

'ಓದಿ' ಎನ್ನಲು ಬಾಯಿ ತೆರೆದಳು ಸಲಹೆಗಾರ್ತಿ. 'ಬೇಡ' ಎನ್ನಲು ಹೋದಳು. "ಆಗ ನಿಮಗೆ ಏನನ್ನಿಸ್ತು?" ಎಂದಷ್ಟೇ ಕೇಳಿದಳು.

"ಏನನ್ನಿಸ್ಬೇಕು? ಎಷ್ಟು ಚೆನ್ನಾಗಿ ಹೇಳಿದ್ರು ಅಂದ್ರೆ, ನನಗೇ ಆಗಷ್ಟೇ ಗೊತ್ತಾದ ಹಾಗಾಯ್ತು ಮೇಡಂ. ನಾನೂ ಚಪ್ಪಾಳೆ ತಟ್ಟಿದೆ."