ಗೊರಸು ಊರಿದ ಕಾಡು

"ಇವನ್ನೆಲ್ಲ ಯಾರಪ್ಪಾ ಬಿತ್ತಿದ್ದು?" ಎಂದು ಯಾರನ್ನೂ ಉದ್ದೇಶಿಸದೆ ಕೇಳಿದ ನೊಸ್ರತ್, ಉತ್ತರ ಇರಾನಿನ ಮಾಝಂದರಾನ್ ಪ್ರಾಂತ್ಯದ ಇಳಿಜಾರು ಕಾಡಿನಲ್ಲಿ ಮೊಣಕಾಲೂರಿ ಕುಳಿತುಬಿಟ್ಟ. ಹೋದ ಶರತ್ಕಾಲದಲ್ಲಿ ಬೀಚ್ ಮರದ ಹಲಗೆ ಹೊತ್ತ ಅವನ ಹೇಸರಗತ್ತೆಗಳು ಇದೇ ದಾರಿಯಲ್ಲಿ ಇಳಿದಿದ್ದವು. ಈಗ ಅವುಗಳ ಗೊರಸಿನ ಗುಳಿಗಳಲ್ಲೆಲ್ಲ ಬೀಚ್ ಸಸಿ. ಒಂದರ ತಲೆಯ ಮೇಲೆ ಬೀಜದ ಸಿಪ್ಪೆ ಇನ್ನೂ ಟೋಪಿಯಂತೆ ಕೂತಿತ್ತು. ಬೆರಳ ತುದಿಯಿಂದ ಅದನ್ನು ತೆಗೆದ. ದುಂಡನೆಯ ಎರಡು ಎಲೆಗಳು ದುಆ ಕೇಳುವ ಅಂಗೈಗಳ ಹಾಗೆ ಬಿಚ್ಚಿಕೊಂಡವು.

"ಏನ್ ನೊಸ್ರತ್, ಇಲ್ಲೇ ನಮಾಜು ಶುರುವಾಯ್ತಾ?" ಹಿಂದಿನಿಂದ ಬಂದ ಮೇಸ್ತ್ರಿ ಕೆರಾಮತ್ ನಕ್ಕ.

"ಬಾ, ನೋಡು! ನಿನ್ನ ಟ್ರ್ಯಾಕ್ಟರು ದಿಮ್ಮಿ ಎಳೆದ ಆಚೆ ದಾರೀಲಿ ನೆಲ ಕಲ್ಲಾಗಿದೆ, ಒಂದು ಸಸೀನೂ ಎದ್ದಿಲ್ಲ. ನನ್ನ ಹೇಸರಗತ್ತೆಗಳು ಉದುರಿದ ಬೀಜಾನೆಲ್ಲ ಮಣ್ಣಿಗೆ ತುಳಿದು ತೋಟಾನೇ ಮಾಡಿಟ್ಟಿವೆ!"

ಕೆರಾಮತ್ ಬಗ್ಗಿ ನೋಡಿದ. ಮೀಸೆಯಡಿಯ ನಗು ಅಗಲವಾಯಿತು. "ಸರಿ ಕಣಪ್ಪ ತೋಟಗಾರ, ನೀನೇ ಗೆದ್ದೆ. ಆದ್ರೆ ಇವತ್ತಿನ ಹಲಗೆ ಸಂಜೆಯೊಳಗೆ ಕೆಳಗೆ ಬರದಿದ್ರೆ ಮುಂದಿನ ಗುಡ್ಡದ ಕೆಲಸ ಟ್ರ್ಯಾಕ್ಟರಿಗೇ ಅಂದಿದಾರೆ ಗುತ್ತಿಗೆದಾರರು. ಈ ಸಸಿ ಉಳಿಸೋಕೆ ಅಂತ ಸುತ್ತುದಾರಿ ಹಿಡಿದ್ರೆ ತಡವಾಗತ್ತೆ. ಇದೊಂದು ಸಲ ಇಲ್ಲೇ ಇಳಿಸಿಬಿಡು ಮಾರಾಯ."

ನೊಸ್ರತ್ ಎದ್ದು ಮೊಣಕಾಲಿನ ಮಣ್ಣು ಕೊಡವಿದ. ಹಲಗೆ ಹೊತ್ತು ನಿಂತಿದ್ದ ಸಾಲಿನ ಮುಂದಿದ್ದ ಹೇಸರಗತ್ತೆಯ ಕುತ್ತಿಗೆ ತಟ್ಟಿ, ಅದರ ಮುಖವನ್ನು ಸುತ್ತುದಾರಿಯ ಕಡೆ ತಿರುಗಿಸಿದ.

"ಆಗಲ್ಲ ಕಣೋ," ಎಂದ ನಗುತ್ತಲೇ. "ಕೆಲಸ ಹೋದ್ರೂ ಇಲ್ಲಿ ಇಳಿಸಲ್ಲ."