ಟ್ರೇಲರಿನ ಅಳು

ತೆರೆಯಿಂದ ಅಳು ಕೇಳಿದ್ದೇ ತಡ, ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಕ್ಲಾಸಿನವರೇ ಸೇರಿ ಮಾಡಿದ ಧಾರಾವಾಹಿಯ ಟ್ರೇಲರನ್ನು ಎಡಿಟ್ ಮಾಡಿದ್ದ ಹುಡುಗಿಯ ಬೆರಳು ಕೀಬೋರ್ಡಿನ ಮೇಲೆಯೇ ಮರಗಟ್ಟಿತು.

"ಮಿಕ್ಕಿದ್ದೆಲ್ಲ ಚೆನ್ನಾಗಿದೆ ಕಣೇ, ಆ ಅಳು ಒಂದು ತೆಗಿ," ಅಂದಳು ಮುಂದಿನ ಸಾಲಿನ ಗೆಳತಿ. "ಕತ್ತು ಹಿಸುಕಿದ ಕೋಳಿ ಥರ ಇದೆ. ಯಾರೂ ಹಾಗೆ ಅಳಲ್ಲ."

ಮೇಷ್ಟ್ರೂ ತಲೆಯಾಡಿಸಿದರು. "ನೋಡೋರ ಮಾತು ಕೇಳಮ್ಮ. ಮನೆಯವರನ್ನೆಲ್ಲ ಕರೆಸಿರೋದು ಅದಕ್ಕೇ ತಾನೇ? ನಟನೆ ಅತಿಯಾಯ್ತು."

ನಟನೆಯಾಗಿದ್ದರೆ ತಾನೇ! ನಟಿಯ ಅಳು ಸಪ್ಪೆಯೆನಿಸಿ ಹುಡುಗಿ ಅಲ್ಲಿ ಅಮ್ಮನ ಅಳು ಅಂಟಿಸಿದ್ದಳು. ಹೋದ ವರ್ಷ, ಕ್ಲಾಸಿಗೆಂದು ಅಡುಗೆಮನೆಯ ಸದ್ದು ಹಿಡಿಯಲು ಇಟ್ಟಿದ್ದ ಫೋನು, ಅಪ್ಪ ಇನ್ನಿಲ್ಲವೆಂದು ಆಸ್ಪತ್ರೆಯಿಂದ ಅಮ್ಮನಿಗೆ ಕರೆ ಬಂದಾಗಲೂ ರೆಕಾರ್ಡ್ ಮಾಡುತ್ತಲೇ ಇತ್ತು. ಇವತ್ತು ಬರಲಾಗುವುದಿಲ್ಲ ಎಂದಿದ್ದಳು ಅಮ್ಮ. ಇನ್ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ ಹುಡುಗಿಗೆ.

ಕೊನೆಯ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಕೆಲಸದ ಸಮವಸ್ತ್ರದಲ್ಲೇ ಓಡಿ ಬಂದಿದ್ದ ಅಮ್ಮ, ಬಾಯಿಗೆ ಅಂಗೈ ಒತ್ತಿ ಹಿಡಿದು ಎದ್ದು ನಿಂತಿದ್ದಳು. ನಗು ತಾನಾಗಿ ಅಡಗಿತು.

ಅಮ್ಮ ಮೆಲ್ಲಗೆ ಕೈ ತೆಗೆದಳು. "ಅದು ನಾನೇನೇ?" ಅಂದಳು. "ನಿನಗೋಸ್ಕರ ಗಟ್ಟಿಯಾಗಿದ್ದೆ, ಅವತ್ತು ನಾನು ಅಳಲೇ ಇಲ್ಲ ಅಂತ ಇಷ್ಟು ದಿನ ಅಂದ್ಕೊಂಡಿದ್ನಲ್ಲೇ."