ರೊಟ್ಟಿ ಕೇಂದ್ರದ ಪ್ಲೇಲಿಸ್ಟ್

ರಾಣೆಬೆನ್ನೂರಿನ ಡ್ರಾಯಿಂಗ್ ಮಾಸ್ತರು ಮಾಲತೇಶ ತಾವೇ ಹಾಡು ಬರೆದು, ತಾವೇ ಹಾಡುತ್ತಿದ್ದರು...

ಹನ್ನೊಂದು ಹಾಡುಗಳನ್ನು ಮ್ಯೂಸಿಕ್ ಆ್ಯಪ್‌ಗೆ ಹಾಕಿದರು. ಎಲ್ಲವನ್ನೂ ಸೇರಿಸಿ 'ಮಾಲತೇಶರ ಮಧುರ ಗೀತೆಗಳು' ಎಂಬ ಪ್ಲೇಲಿಸ್ಟ್ ಮಾಡಿ, ಇದ್ದಬದ್ದ ವಾಟ್ಸಾಪ್ ಗ್ರೂಪಿಗೆಲ್ಲ ಲಿಂಕ್ ಕಳಿಸಿದರು.

"ಸೂಪರ್ ಸರ್" ಎಂದವರು ನೂರಾರು ಜನ... ಕೇಳಿದವರು ಹತ್ತೊಂಬತ್ತೇ ಜನ!

ಎರಡು ವರ್ಷ ಹೀಗೇ ಕಳೆಯಿತು. ಒಂದು ಸಂಜೆ ಹೆಂಡತಿಗೆ, "ಸಾಕಾತು ಬಿಡು, ಎಲ್ಲಾ ಡಿಲೀಟ್ ಮಾಡ್ತೀನಿ" ಎಂದು ಹೇಳಿ ಆ್ಯಪ್ ತೆರೆದರು.

ಬೆರಳು ಅಲ್ಲೇ ನಿಂತಿತು...

ಆ್ಯಪ್ ತೋರಿಸಿದ ಲೆಕ್ಕದಲ್ಲಿ, ಅವರ ಒಂದು ಹಾಡು ಮೂರು ತಿಂಗಳಿಂದ ಗದಗಿನಲ್ಲಿ ದಿನವೂ ಪ್ಲೇ ಆಗುತ್ತಿತ್ತು. ಯಾರೋ ಅದನ್ನು 'ಕಾಶವ್ವನ ರೊಟ್ಟಿ ಕೇಂದ್ರ' ಎಂಬ ಪ್ಲೇಲಿಸ್ಟಿಗೆ ಸೇರಿಸಿಕೊಂಡಿದ್ದರು!

ಭಾನುವಾರ ಬೆಳಿಗ್ಗೆಯೇ ಮಾಸ್ತರು ಗದಗಿನ ಬಸ್ಸು ಹತ್ತಿದರು.

ಅವರಿವರನ್ನು ಕೇಳುತ್ತಾ ರೊಟ್ಟಿ ಕೇಂದ್ರ ತಲುಪಿದರು. ಒಂದೇ ದೊಡ್ಡ ಕೋಣೆ. ಎಂಟು ಹೆಂಗಸರು, ಪಟಪಟ ರೊಟ್ಟಿ ಬಡಿಯುವ ಸದ್ದು, ಮೂಲೆಯಲ್ಲೊಂದು ಸ್ಪೀಕರ್...

ತಾವು ಯಾರೆಂದು ಹೇಳದೆ ಕೇಳಿದರು: "ಅಕ್ಕಾರ, ಈ ಹಾಡೆಲ್ಲಾ ಆರಿಸಿದವರು ಯಾರು?"

"ನಾನರೀ" ಎಂದರು ಕಾಶವ್ವ. "ಕೈತುಂಬ ಹಿಟ್ಟಿರತೈತಿ, ಫೋನ್ ಮುಟ್ಟಾಕ ಬರೂದಿಲ್ಲ. ಅದಕ್ಕ ನಡುವ ತಗೀಬೇಕು ಅನ್ನಸೂ ಹಾಡು ಒಂದೂ ಇಡಂಗಿಲ್ಲ. ಎಂಟೂ ಮಂದಿಗೆ ಸೇರಬೇಕು ನೋಡ್ರಿ."

ಅಷ್ಟರಲ್ಲಿ ಮಾಸ್ತರ ಹಾಡೇ ಶುರುವಾಯಿತು!

ಎಂಟೂ ಜನ ಕೈ ನಿಲ್ಲಿಸದೆ ದನಿಗೂಡಿಸಿದರು. ಎರಡನೇ ನುಡಿಯಲ್ಲಿ ಮಾಸ್ತರು 'ದೂರದ ಬೆಳಕೇ, ಬಾ' ಎಂದು ಬರೆದಿದ್ದರು. ಹೆಂಗಸರು 'ಒಲೆಯ ಬೆಳಕೇ, ಇರು' ಎಂದು ಹಾಡಿದರು...

ಬರೆದವರ ಸಾಲಿಗಿಂತ ಅದೇ ಚೆನ್ನಾಗಿತ್ತು.

ಮಾಸ್ತರ ಕಣ್ಣು ತುಂಬಿ ಬಂತು.

"ಯಾಕ್ರೀ ಸರ, ಹೊಗಿ ಬಡೀತೇನು?"

"ಇಲ್ಲಕ್ಕಾರ... ಈ ಹಾಡು ನಂದು."

ಪಟಪಟ ಸದ್ದು ಒಮ್ಮೆಲೇ ನಿಂತಿತು!

"ಅಯ್ಯ ಶಿವನ! ಮೊದಲ ಹೇಳಬಾರದೇನ್ರೀ? ಕುಂದರ್ರಿ, ಬಿಸಿ ರೊಟ್ಟಿ ತಿನ್ರಿ" ಎಂದ ಕಾಶವ್ವ, ಪಲ್ಯ ಬಡಿಸುತ್ತಾ ನಕ್ಕರು. "ಖರೇ ಹೇಳಲ್ಯಾ? ನಿಮ್ಮ ಹನ್ನೊಂದೂ ಹಾಡು ಹಚ್ಚಿ ನೋಡಿದ್ದಿವ್ರಿ. ಒಂದರ ಹಿಂದ ಒಂದು ನಿಮ್ಮವಾ ಬಂದ್ರ ಬ್ಯಾಸರಾಗತೈತಿ. ನಾಕು ಮಂದಿ ಹಾಡಿನ ನಡುವ ಬಂದ್ರ ನಿಮ್ಮದು ಎಷ್ಟು ಚಲೋ ಕೇಳಸತೈತಿ!"

ಮಾಸ್ತರಿಗೂ ನಗು ತಡೆಯಲಾಗಲಿಲ್ಲ.

ಮನೆಗೆ ಬಂದವರೇ ಹಳೆಯ ಪ್ಲೇಲಿಸ್ಟ್ ಅಳಿಸಿದರು. ನೇಕಾರರ ಮಗ್ಗದ ಪಕ್ಕ ಕೂತರು, ಟೇಲರ್ ಅಂಗಡಿಯಲ್ಲಿ ಕೂತರು... ಯಾವ ಹಾಡು ಬೇಕೆಂದು ಅವರನ್ನೇ ಕೇಳಿ ಕೇಳಿ ಹೊಸ ಪ್ಲೇಲಿಸ್ಟುಗಳನ್ನು ಕಟ್ಟಿದರು. ಪ್ರತಿಯೊಂದರಲ್ಲೂ ತಮ್ಮದು ಒಂದೇ ಹಾಡು. ಉಳಿದವೆಲ್ಲ ತಮ್ಮಂತೆಯೇ ಯಾರಿಗೂ ಗೊತ್ತಿಲ್ಲದ ಹಾಡುಗಾರರವು.

ಆ ಹಾಡುಗಾರರೂ ತಮ್ಮ ಪ್ಲೇಲಿಸ್ಟುಗಳಲ್ಲಿ ಮಾಸ್ತರ ಹಾಡಿಗೆ ಜಾಗ ಕೊಟ್ಟರು. ವರ್ಷ ತುಂಬುವಷ್ಟರಲ್ಲಿ ಕೇಳುಗರು ಆರು ಸಾವಿರ ದಾಟಿದರು...

ಮಾಸ್ತರು ಈಗ ನಂಬರ್ ನೋಡುವುದು ಕಡಿಮೆ. ಹೊಸ ಊರಿನ ಹೆಸರು ಕಂಡರೆ ಸಾಕು, ಭಾನುವಾರ ಬಸ್ಸು ಹತ್ತಿಬಿಡುತ್ತಾರೆ!

*ನಮ್ಮನ್ನು ಕೇಳಲಿ ಎಂದು ಬಯಸುವ ಮುನ್ನ, ಅವರಿಗೇನು ಬೇಕೆಂದು ನಾವು ಕೇಳಬೇಕು.*

ನಿಮ್ಮ ಮಾತು ಯಾರಿಗೆ ತಲುಪಲಿ ಎಂದು ಆಸೆಪಡುತ್ತೀರೋ, ಅವರ ಪಕ್ಕದಲ್ಲಿ ನೀವು ಕೊನೆಯ ಬಾರಿ ಕೂತಿದ್ದು ಯಾವಾಗ?